ಬಿದಿರಿನ ಆರ್ಗನ್ ಉಳಿಸಿದವರು ಯಾರು?

ಫಿಲಿಪೈನ್ಸ್‌ನ ರಾಜಧಾನಿ ಮನಿಲಾದ ದಕ್ಷಿಣಕ್ಕೆ ಲಾಸ್ ಪಿನ್ಯಾಸ್ ಎಂಬ ಊರಿದೆ. ಅಲ್ಲಿನ ಸಂತ ಜೋಸೆಫರ ಚರ್ಚಿನ ಪೈಪ್ ಆರ್ಗನ್ ಲೋಕಪ್ರಸಿದ್ಧ. ಅದರ 1,031 ಕೊಳವೆಗಳಲ್ಲಿ 902 ಬಿದಿರಿನವು. ಹಾರ್ಮೋನಿಯಂನಲ್ಲಿ ಲೋಹದ ರೀಡುಗಳು ನುಡಿದರೆ, ಇದರ ಬಿದಿರ ಕೊಳವೆಗಳಲ್ಲಿ ಕೊಳಲಿನಂತೆ ಗಾಳಿಯೇ ನುಡಿಯುತ್ತದೆ.

ಇದನ್ನು ಕಟ್ಟಿದವರು ಸ್ಪೇನಿನ ಪಾದ್ರಿ ದಿಯೆಗೊ ಸೆರಾ. 1816ರಲ್ಲಿ ಕೆಲಸ ಆರಂಭಿಸಿದ ಅವರು ಬಿದಿರು ಕಡಿಸಿ, ಹುಳ ಹಿಡಿಯದಂತೆ ಕಡಲ ಮರಳಿನಲ್ಲಿ ಹೂಳಿಸಿದರು. ಗಟ್ಟಿಯಾಗಿ ಉಳಿದದ್ದನ್ನಷ್ಟೇ ಬಳಸಿದರು. ಕಹಳೆಯ ದನಿ ಬಿದಿರಿನಿಂದ ಹೊರಡದೆಂದು ಕಂಡಾಗ ಹಠ ಹಿಡಿಯದೆ ಅದಕ್ಕೆ ಲೋಹವನ್ನು ಬಳಸಿದರು. 1824ರಲ್ಲಿ ವಾದ್ಯ ಪೂರ್ಣಗೊಂಡಿತು. ಬಿದಿರಿನ ಮೃದುತ್ವ ಮತ್ತು ಮುಂದಕ್ಕೆ ಚಾಚಿದ ಲೋಹದ ಕಹಳೆಗಳ ಗತ್ತು, ಇವೆರಡರ ಹೊಂದಾಣಿಕೆಯಲ್ಲೇ ಈ ವಾದ್ಯದ ಸೊಗಸಿದೆ.

ಭೂಕಂಪ, ಚಂಡಮಾರುತಗಳ ಹೊಡೆತಕ್ಕೆ ಸಿಕ್ಕಿ ಅದು ಕ್ರಮೇಣ ಹಾಳಾಯಿತು. 1973ರಲ್ಲಿ ಅದನ್ನು ಬಿಚ್ಚಿ ಜರ್ಮನಿಯ ಬಾನ್ ನಗರದ ಕ್ಲೈಸ್ ಕಾರ್ಯಾಗಾರಕ್ಕೆ ಕಳುಹಿಸಲಾಯಿತು. ಯುರೋಪಿನ ಒಣ ಹವೆಗೆ ಬಿದಿರು ಬಿರುಕು ಬಿಡಬಾರದೆಂದು, ಫಿಲಿಪೈನ್ಸ್‌ನ ಸೆಕೆ ಮತ್ತು ತೇವವನ್ನೇ ಹೋಲುವ ಕೋಣೆಯಲ್ಲಿ ಅದನ್ನು ಇರಿಸಿದರು. ಇತ್ತ ಊರವರ ಸಹಕಾರದಿಂದ ಚರ್ಚಿನ ಕಟ್ಟಡವೂ ಹಳೆಯ ರೂಪಕ್ಕೆ ಮರಳಿತು. 1975ರಲ್ಲಿ ವಾದ್ಯ ಮನೆಗೆ ಬಂತು.

ಹಾಗಾದರೆ ಅದನ್ನು ಉಳಿಸಿದವರು ಜರ್ಮನರೇ? ಅದು ಅರ್ಧ ಸತ್ಯ ಮಾತ್ರ. ಅವರ ಕುಶಲತೆ, ಶ್ರದ್ಧೆ ದೊಡ್ಡದು, ನಿಜ. ಆದರೆ ಪ್ರತಿ ಬಾರಿ ಕೆಟ್ಟಾಗಲೂ ಸಮುದ್ರ ದಾಟಬೇಕಾದ ವಾದ್ಯ ಊರಿನ ಸ್ವತ್ತಾಗಿ ಎಷ್ಟು ಕಾಲ ಉಳಿದೀತು? ಈ ಪ್ರಶ್ನೆಗೆ ಲಾಸ್ ಪಿನ್ಯಾಸ್ ಎರಡು ಉತ್ತರ ಕೊಟ್ಟಿದೆ. ಒಂದು, 1976ರಲ್ಲಿ ಆರಂಭಗೊಂಡ ವಾರ್ಷಿಕ ಆರ್ಗನ್ ಉತ್ಸವ. ಇನ್ನೊಂದು, 1994ರಲ್ಲಿ ಅಲ್ಲೇ ಹುಟ್ಟಿಕೊಂಡ, ಸೆರಾ ಅವರ ಹೆಸರನ್ನೇ ಹೊತ್ತ ಆರ್ಗನ್ ಕಾರ್ಯಾಗಾರ. 2003-04ರ ಸುಮಾರಿಗೆ ವಾದ್ಯಕ್ಕೆ ಮತ್ತೆ ದುರಸ್ತಿ ಬೇಕಾದಾಗ ಅದನ್ನು ಕೈಗೆತ್ತಿಕೊಂಡದ್ದು ಈ ಸ್ಥಳೀಯ ಕುಶಲಕರ್ಮಿಗಳೇ.

ನನ್ನ ದೃಷ್ಟಿಯಲ್ಲಿ ಎರಡನೆಯ ಉತ್ತರವೇ ಹೆಚ್ಚು ಮಹತ್ವದ್ದು. ಉತ್ಸವಕ್ಕೆ ಕಲಾವಿದರನ್ನು ಕರೆಸಬಹುದು, ಪ್ರವಾಸಿಗರೂ ಬರುತ್ತಾರೆ. ಆದರೆ ಕೊಳವೆಯೊಂದು ಮೂಕವಾದ ದಿನ ಅದರ ಕಾರಣ ತಿಳಿದ ಕೈ ಊರಲ್ಲೇ ಇರಬೇಕು. 2003ರಲ್ಲಿ ಈ ಆರ್ಗನ್‌ಗೆ ರಾಷ್ಟ್ರೀಯ ಸಾಂಸ್ಕೃತಿಕ ನಿಧಿ ಎಂಬ ಮನ್ನಣೆ ದೊರೆಯಿತು. ಆದರೆ ಮನ್ನಣೆಯ ಫಲಕ ವಾದ್ಯವನ್ನು ರಿಪೇರಿ ಮಾಡದು. ಪರಂಪರೆಯ ರಕ್ಷಣೆಗೆ ಹಣ ಸಂಗ್ರಹಿಸುವ ಯಾವುದೇ ಸಮುದಾಯ, ಅದರ ಒಂದು ಪಾಲನ್ನು ಕೆಲಸ ಕಲಿಯುವ ಯುವಕರಿಗಾಗಿ ತೆಗೆದಿಡುವುದು ಲೇಸು.