ಖಿನ್ನತೆಯ ಚಿಕಿತ್ಸೆಯೂ ನಮ್ಮ ವಚನವ್ಯಾಖ್ಯಾನವೂ

ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಶರಣಗೋಷ್ಠಿಗಳಲ್ಲಿ ಕೆಲವು ವರ್ಷಗಳಿಂದ ಒಂದು ಮಾತು ಪದೇ ಪದೇ ಕೇಳಿಬರುತ್ತಿರುವುದನ್ನು ಈ ಪತ್ರಿಕೆಯ ವಾಚಕರಲ್ಲಿ ಹಲವರು ಗಮನಿಸಿರಬಹುದು. ಪಾಶ್ಚಾತ್ಯರು ‘ಮೈಂಡ್‌ಫುಲ್‌ನೆಸ್’ ಎಂದು ಕರೆಯುತ್ತಿರುವುದು ಶರಣರ ಅರಿವೇ. ಅವರ ‘ಕಾಗ್ನಿಟಿವ್ ಥೆರಪಿ’ ಎಂಬ ಮಾತಿನ ಚಿಕಿತ್ಸೆ ಅನುಭವ ಮಂಟಪದ ಸಂವಾದವೇ. ಆದ್ದರಿಂದ ಲಿಂಗಪೂಜೆಯೂ ವಚನಪಠಣವೂ ಮನೆಯಲ್ಲಿರುವಾಗ ಖಿನ್ನತೆಗೆ ಅನ್ಯ ವೈದ್ಯವೇಕೆ? ಇದು ಆ ಮಾತಿನ ಸಾರ. ಕೇಳುವುದಕ್ಕೆ ಹಿತವಾಗಿದೆ. ಆದರೆ ಸಭೆಯಲ್ಲಿ ಕುಳಿತು ಇದನ್ನು ಆಲಿಸಿದವರಲ್ಲಿ, ಮೂರು ತಿಂಗಳಿಂದ ಸರಿಯಾಗಿ ಉಣ್ಣದ, ನಿದ್ರಿಸದ ಮಗಳನ್ನು ಮನೆಯಲ್ಲಿ ಬಿಟ್ಟು ಬಂದ ತಾಯಿಯೊಬ್ಬಳೂ ಇರಬಹುದು. ಆಕೆ ಈ ಮಾತನ್ನು ನಂಬಿ ಇನ್ನೂ ಆರು ತಿಂಗಳು ಕಾದರೆ ಆಗಬಹುದಾದ ಅನಾಹುತವನ್ನು ನೆನೆದು, ಇದನ್ನು ಸ್ವಲ್ಪ ಕಟುವಾಗಿಯೇ ಪರೀಕ್ಷಿಸಬೇಕಾಗಿದೆ.

ಮೊದಲು ಆ ಚಿಕಿತ್ಸೆ ಏನೆಂಬುದನ್ನು ತಿಳಿಯೋಣ. ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ಆರನ್ ಬೆಕ್ ಎಂಬ ಮನೋವೈದ್ಯರು 1960ರ ದಶಕದಲ್ಲಿ ಇದನ್ನು ರೂಪಿಸಿದರು. 1979ರಲ್ಲಿ ಸಹೋದ್ಯೋಗಿಗಳೊಡನೆ ಗ್ರಂಥರೂಪದಲ್ಲಿ ಪ್ರಕಟಿಸಿದರು. ನೂರು ವರ್ಷ ಬಾಳಿ 2021ರಲ್ಲಿ ತೀರಿಕೊಂಡರು. ಖಿನ್ನನಾದ ಮನುಷ್ಯನ ಮನಸ್ಸಿನಲ್ಲಿ ತಾನೇ ತಾನಾಗಿ ಏಳುವ ಕೆಲವು ವಿಚಾರಗಳು ಆತನಿಗೆ ಪ್ರಶ್ನಾತೀತ ಸತ್ಯಗಳಾಗಿ ತೋರುತ್ತವೆಂಬುದು ಅವರು ಕಂಡುಕೊಂಡ ಸಂಗತಿ. ಅಡ್ಡಮಳೆಗೆ ತೊಗರಿ ಹಾಳಾದ ಹುಮನಾಬಾದ್ ತಾಲೂಕಿನ ರೈತನೊಬ್ಬನನ್ನು ಕಲ್ಪಿಸಿಕೊಳ್ಳಿರಿ. ‘ನಾ ಯಾವ ಕೆಲಸಕ್ಕೂ ಬಾರದವ’ ಎಂದು ಆತನ ಮನಸ್ಸು ಹೇಳುತ್ತದೆ. ಚಿಕಿತ್ಸಕನು ‘ಹಾಗೆನ್ನಬೇಡ, ಒಳ್ಳೆಯದನ್ನೇ ಚಿಂತಿಸು’ ಎಂದು ಉಪದೇಶಿಸುವುದಿಲ್ಲ. ಪಕ್ಕದ ಹೊಲದವನ ಬೆಳೆ ಏನಾಯಿತು? ಹೋದ ವರ್ಷ ನಿನ್ನ ರಾಶಿ ಹೇಗಿತ್ತು? ಇದೇ ಮಾತನ್ನು ನಿನ್ನ ತಮ್ಮನು ತನ್ನ ಬಗ್ಗೆ ಆಡಿದ್ದರೆ ನೀನು ಏನನ್ನುತ್ತಿದ್ದೆ? ಹೀಗೆ ಕೇಳುತ್ತ, ಆ ವಿಚಾರವನ್ನು ಸಾಕ್ಷ್ಯದೊಡನೆ ತೂಗಿ ನೋಡುವುದನ್ನು ಕಲಿಸುತ್ತಾನೆ. ಸಾಲವು ನಿಜವಾದರೆ ಅದು ನಿಜವೇ. ಅದನ್ನು ಮನಸ್ಸಿನ ಭ್ರಮೆಯೆಂದು ಯಾರೂ ತಳ್ಳಿಹಾಕುವುದಿಲ್ಲ. ನಮ್ಮ ಉಪನ್ಯಾಸಕರು ಇದನ್ನು ‘ಸಕಾರಾತ್ಮಕ ಚಿಂತನೆ’ ಎಂದು ಅನುವಾದಿಸುವಾಗ ಇಡೀ ಪದ್ಧತಿಯ ಜೀವಾಳವೇ ಕೈಬಿಟ್ಟು ಹೋಗುತ್ತದೆ.

ಇನ್ನು ಅನುಭವ ಮಂಟಪದ ಹೋಲಿಕೆ. ಮಂಟಪದ ಸಂವಾದಗಳೆಂದು ನಾವು ಓದುವುದು ಬಹುಮಟ್ಟಿಗೆ ಶೂನ್ಯಸಂಪಾದನೆಯಲ್ಲಿ. ಅದು ಹನ್ನೆರಡನೆಯ ಶತಮಾನದ ಕಡತವಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ವಚನಗಳನ್ನು ಜೋಡಿಸಿ ಮೊದಲು ರಚಿಸಿದ, ಅನಂತರ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯರು ಪರಿಷ್ಕರಿಸಿದ ಮಹಾಕೃತಿ. ಅದರಲ್ಲಿ ಪ್ರಭುದೇವರು ಅಕ್ಕಮಹಾದೇವಿಯನ್ನು ಪ್ರಶ್ನಿಸುವ ಪ್ರಸಂಗವನ್ನು ವಾಚಕರು ನೆನೆಯಲಿ. ಅದು ಪರೀಕ್ಷೆ, ಒರೆಗಲ್ಲು. ಕೇಳುವವರು ಕರುಣಾಳುಗಳಾದರೂ ನಿಷ್ಠುರರು. ಉತ್ತರಿಸುವಾಕೆ ತನ್ನ ಪೂರ್ಣ ಬಲದಲ್ಲಿ ನಿಂತಿರುವ ಸಾಧಕಿ. ಖಿನ್ನತೆಯ ರೋಗಿಯಾದರೋ ಬಲವೆಲ್ಲ ಸೋರಿಹೋಗಿ ಬಂದವನು. ಆತನನ್ನು ‘ನಿನ್ನ ಭಕ್ತಿ ನಿಜವೇ? ನಿನ್ನ ಮನಸ್ಸು ನಿನ್ನ ವಶದಲ್ಲಿ ಏಕಿಲ್ಲ?’ ಎಂದು ಒರೆಗೆ ಹಚ್ಚಿದರೆ, ಮೊದಲೇ ತನ್ನನ್ನು ಅಪರಾಧಿಯೆಂದು ಬಗೆದಿರುವ ಆತನು ಇನ್ನಷ್ಟು ಕುಸಿಯುವನು. ಬೆಕ್ಕರ ಪದ್ಧತಿಯಲ್ಲಿ ಕೇಳುವವನು ಗುರುವೂ ಅಲ್ಲ, ಪರೀಕ್ಷಕನೂ ಅಲ್ಲ. ರೋಗಿಯ ಪಕ್ಕದಲ್ಲಿ ಕುಳಿತು ಜೊತೆಗೆ ಶೋಧಿಸುವವನು. ಸಂವಾದವೆಂಬ ಒಂದೇ ಹೊರರೂಪವನ್ನು ನೋಡಿ ಎರಡನ್ನೂ ಒಂದೆನ್ನುವುದು ಶೂನ್ಯಸಂಪಾದನೆಯನ್ನೂ ಕುಬ್ಜಗೊಳಿಸುವ ವ್ಯಾಖ್ಯಾನ. ಪರಮಾರ್ಥದ ಆ ಗ್ರಂಥಕ್ಕೆ ಆಸ್ಪತ್ರೆಯ ಚೀಟಿಯ ಸ್ಥಾನವನ್ನು ಕೊಟ್ಟರೆ ಅದರ ಗೌರವವೇನೂ ಹೆಚ್ಚಲಾರದು.

‘ಅರಿವು’ ಎಂಬ ಶಬ್ದದ ಬಳಕೆಯಲ್ಲಿಯೂ ಇದೇ ತೊಡಕು. ಮೈಂಡ್‌ಫುಲ್‌ನೆಸ್ ಎಂಬುದಕ್ಕೆ ಕನ್ನಡದಲ್ಲಿ ಸಾವಧಾನ, ಎಚ್ಚರ, ಅರಿವು ಎಂಬ ಶಬ್ದಗಳನ್ನು ಬೇರೆ ಬೇರೆಯವರು ಬಳಸುತ್ತಿದ್ದಾರೆ. ಇವುಗಳಲ್ಲಿ ಅರಿವು ಎಂಬುದೇ ಅತ್ಯಂತ ಅಪಾಯಕರವಾದದ್ದು. ಅದು ಬಹಳ ದೊಡ್ಡ ಶಬ್ದ. ಷಟ್‌ಸ್ಥಲದ ಸಾಧಕನಿಗೆ ಅರಿವೆಂಬುದು ಬಾಳಿನ ಪರಮಸಿದ್ಧಿ. ಜಾನ್ ಕಬತ್-ಜಿನ್ ಅವರು 1979ರಲ್ಲಿ ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಆರಂಭಿಸಿದ್ದು ಎಂಟು ವಾರಗಳ ಒಂದು ಶಿಕ್ಷಣಕ್ರಮ. ಉಸಿರನ್ನು, ಮೈಯ ನೋವನ್ನು, ಎದ್ದು ಬೀಳುವ ವಿಚಾರವನ್ನು ಹಳಿಯದೆ ಹೊಗಳದೆ ನೋಡುವ ಅಭ್ಯಾಸವದು. ಅವರು ಅದನ್ನು ಪಡೆದದ್ದು ಬೌದ್ಧ ಧ್ಯಾನಸಂಪ್ರದಾಯದಿಂದ. ಪಡೆದು ಧರ್ಮದ ಹೊದಿಕೆಯನ್ನು ಉದ್ದೇಶಪೂರ್ವಕವಾಗಿ ಕಳಚಿಟ್ಟರು. (ಬೌದ್ಧರದನ್ನು ಅಮೆರಿಕದವರು ಒಯ್ದರೆ ನಾವು ‘ಅದು ನಮ್ಮದು’ ಎನ್ನುತ್ತಿರುವುದು ಒಂದು ವಿನೋದವೇ ಸರಿ.) ‘ಸಾವಧಾನ’ವೆಂಬ ಚಿಕ್ಕ ಶಬ್ದವೇ ಇದಕ್ಕೆ ಸಾಕು.

ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮೂವರು ವಿದ್ವಾಂಸರು ಈ ಸಾವಧಾನವನ್ನು ಬೆಕ್ಕರ ಪದ್ಧತಿಯೊಡನೆ ಬೆಸೆದರು. ಅವರು 2000ದಲ್ಲಿ ಪ್ರಕಟಿಸಿದ ಪರೀಕ್ಷೆಯ ಫಲವನ್ನು ನಮ್ಮ ಉಪನ್ಯಾಸಕರು ಓದಬೇಕು. ಒಳಗೊಂಡವರು 145 ಜನ. ಎಲ್ಲರೂ ಆ ಹೊತ್ತಿಗೆ ಖಿನ್ನತೆಯಿಂದ ಚೇತರಿಸಿಕೊಂಡವರು. ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಈಡಾಗಿದ್ದವರಲ್ಲಿ, ಸಾಮಾನ್ಯ ಚಿಕಿತ್ಸೆ ಮಾತ್ರ ಪಡೆದವರ ಪೈಕಿ ನೂರಕ್ಕೆ 66 ಜನರಿಗೆ ರೋಗ ಮರುಕಳಿಸಿತು. ಈ ಅಭ್ಯಾಸವನ್ನೂ ಮಾಡಿದವರಲ್ಲಿ 37 ಜನರಿಗೆ. ಎರಡೇ ಸಲ ಈಡಾಗಿದ್ದವರಿಗೆ ಪ್ರಯೋಜನ ಕಾಣಲಿಲ್ಲ. ಅಂದರೆ ಇದು ಮುಖ್ಯವಾಗಿ ಮರುಕಳಿಕೆಯನ್ನು ತಡೆಯಲು ರೂಪಿಸಿದ ಉಪಾಯ. ಖಿನ್ನತೆಯ ನಡುಮಡುವಿನಲ್ಲಿ ಮುಳುಗಿರುವವನನ್ನು ಕಣ್ಣು ಮುಚ್ಚಿ ಒಂಟಿಯಾಗಿ ಕೂರಿಸಿದರೆ ಆತನು ತನ್ನ ಕತ್ತಲೆಯನ್ನೇ ಇನ್ನಷ್ಟು ಮೆಲುಕು ಹಾಕಬಹುದು. ಅಂಥವನಿಗೆ ಮೊದಲು ವೈದ್ಯರು ಬೇಕು, ಅನೇಕ ವೇಳೆ ಔಷಧವೂ ಬೇಕು.

ಮಠಕ್ಕೆ ಬರುವುದು, ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಗೆ ಹೋಗುವುದು, ದಾಸೋಹದಲ್ಲಿ ನಾಲ್ವರೊಡನೆ ಕುಳಿತು ಉಣ್ಣುವುದು ಇವುಗಳಿಂದ ಜೀವಕ್ಕೆ ಸಮಾಧಾನವಿದೆ. ಅದನ್ನು ಇಲ್ಲಿ ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ಮಧುಮೇಹದವನಿಗೆ ನಾವು ವಚನವನ್ನೂ ಓದಿಸುತ್ತೇವೆ, ಔಷಧವನ್ನೂ ತೆಗೆದುಕೊಳ್ಳೆನ್ನುತ್ತೇವೆ. ಮನಸ್ಸಿನ ರೋಗಕ್ಕೆ ಮಾತ್ರ ಒಂದನ್ನು ಬಿಡಬೇಕೆನ್ನುವುದೇಕೆ? ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ, ಬಾಳಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಈಡಾಗುವವರು ಇಪ್ಪತ್ತರಲ್ಲಿ ಒಬ್ಬರು. ನಮ್ಮ ಯಾವ ಸಭೆಯಲ್ಲಿಯೂ ಅಂಥವರಿಲ್ಲದೆ ಇರಲಾರರು.

ಅವರು ‘ಖಿನ್ನತೆ’ ಎಂಬ ಶಬ್ದದೊಡನೆ ಬರುವುದಿಲ್ಲ. ನಮ್ಮ ಕಡೆಯ ಹೆಣ್ಣುಮಗಳು ‘ಜೀವಕ್ಕ ಬ್ಯಾಸರಾಗ್ಯದ’, ‘ಎದಿ ಭಾರ ಆಗ್ಯದ’, ‘ನಿದ್ದಿ ಹತ್ತಲ್ಲ’ ಎನ್ನುತ್ತಾಳೆ. ನೆರೆಮನೆಯವಳು ಇದನ್ನೇ ಮರಾಠಿಯಲ್ಲೋ ಉರ್ದುವಿನಲ್ಲೋ ಹೇಳುತ್ತಾಳೆ. ಡಾಕ್ಟರ ಮುಂದೆ ನಿಮಿಷಗಳ ಸರದಿಯಲ್ಲಿ ಆಕೆ ತಲೆನೋವೆಂದು ಮಾತ್ರ ಹೇಳಿ ಹಿಂದಿರುಗುತ್ತಾಳೆ. ವಿಮರ್ಶಕರೂ ವ್ಯಾಖ್ಯಾನಕಾರರೂ ಶ್ರಮಿಸಬೇಕಾದುದು ಇಲ್ಲಿ. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು, ಮನೋರೋಗದ ವಿಚಾರವನ್ನು ಕನ್ನಡದಲ್ಲಿ ಬರೆದು ಅಷ್ಟು ಮನ್ನಣೆ ಪಡೆಯುವುದು ಅಂದೇ ಸಾಧ್ಯವಾಗಿತ್ತು. ನಮ್ಮ ಗೋಷ್ಠಿಗಳಲ್ಲಿ ಆ ಹೆಸರನ್ನು ಎತ್ತುವವರೇ ವಿರಳ.

ತಾಲೂಕಿಗೆ ಸಾಕಷ್ಟು ಮನಶ್ಶಾಸ್ತ್ರಜ್ಞರು ಎಲ್ಲಿಂದ ಬರಬೇಕೆಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಯಾರು ಬೇಕಾದರೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಇದಕ್ಕಿಂತ ನಮಗೆ ಹತ್ತಿರದ ದೃಷ್ಟಾಂತ ಗೋವೆಯದು. ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯ 495 ಜನರ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮಾತಿನ ಚಿಕಿತ್ಸೆ ನೀಡಿದವರು ಮನೋವೈದ್ಯರಲ್ಲ. ತರಬೇತು ಪಡೆದ ಊರಿನ ಸಾಮಾನ್ಯರು. ಆರರಿಂದ ಎಂಟು ಭೇಟಿಗಳು. ಮೂರು ತಿಂಗಳಲ್ಲಿ ಈ ಗುಂಪಿನ ನೂರಕ್ಕೆ 64 ಜನ ರೋಗದಿಂದ ಹೊರಬಂದಿದ್ದರು. ಉಳಿದ ಗುಂಪಿನಲ್ಲಿ 39. ನಮ್ಮ ಮಠದ ಶಾಲೆಗಳಲ್ಲಿ ಕಲಿತು ಬಸವಕಲ್ಯಾಣ, ಹುಮನಾಬಾದ್‌ಗಳಲ್ಲಿ ಶಿಕ್ಷಕರೂ ನೌಕರರೂ ಆಗಿರುವವರು ಇಂಥ ತರಬೇತಿಗೆ ಅಯೋಗ್ಯರೆಂದು ಯಾರು ಹೇಳಬಲ್ಲರು? ಅಲ್ಲಿ ಅವರು ರೋಗಿಗೆ ಮಾಡಿಸುತ್ತಿದ್ದುದು ದಿನಚರಿಯ ಸಣ್ಣ ಸಣ್ಣ ಚಟುವಟಿಕೆಗಳನ್ನು ಮತ್ತೆ ಕೈಗೆತ್ತಿಕೊಳ್ಳುವುದನ್ನು. ‘ಹಾಗಾದರೆ ಇದು ಕಾಯಕವೇ ಆಯಿತು’ ಎಂದು ನಾಳೆಯೇ ಯಾರಾದರೂ ಭಾಷಣ ಮಾಡಿಯಾರು. ಅವರು ಮೊದಲು ಅಂಥ ಒಬ್ಬ ರೋಗಿಯ ಪಕ್ಕದಲ್ಲಿ ಕುಳಿತು ನೋಡಲಿ. ಮೊದಲ ವಾರ ಆತನಿಂದ ನಿರೀಕ್ಷಿಸಬಹುದಾದದ್ದು ಎದ್ದು ಮುಖ ತೊಳೆದು ಅಂಗಳದವರೆಗೆ ಬರುವಷ್ಟು ಮಾತ್ರ.