ಆಟಕ್ಕುಂಟು, ಲೆಕ್ಕಕ್ಕಿಲ್ಲ

ನಮ್ಮ ಕಡೆಯ ಪತ್ರಿಕೆಗಳಲ್ಲಿ ಇಸ್ಪೀಟು ಎಂಬ ಮಾತು ಬರುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಅಂದರ್-ಬಾಹರ್ ಅಡ್ಡೆಯ ಮೇಲೆ ದಾಳಿ, ಇಷ್ಟು ಜನರ ಬಂಧನ, ಇಷ್ಟು ನಗದು ವಶ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದು ಊರಿನ ಹೆಸರು ಬದಲಾಗುತ್ತದೆ, ವಾಕ್ಯ ಬದಲಾಗುವುದಿಲ್ಲ. ಸಾಹಿತ್ಯದ ಕಡೆ ತಿರುಗಿದರೂ ನಮಗೆ ಸಿಗುವ ಆಟಗಳು ಇಂಥವೇ. ಪಂಪನಲ್ಲಿ, ಕುಮಾರವ್ಯಾಸನಲ್ಲಿ ಧರ್ಮರಾಯ ಪಗಡೆಯ ಹಾಸಿನ ಮುಂದೆ ರಾಜ್ಯವನ್ನೂ ಹೆಂಡತಿಯನ್ನೂ ಕಳೆದುಕೊಳ್ಳುತ್ತಾನೆ. ಪ್ರೇಮಚಂದರು 1924ರಲ್ಲಿ ಬರೆದ 'ಶತರಂಜ್ ಕೇ ಖಿಲಾಡಿ' ಕಥೆಯಲ್ಲಿ ಇಂಗ್ಲಿಷರು ಅವಧ್ ನುಂಗುತ್ತಿರುವಾಗ ಇಬ್ಬರು ಜಹಗೀರದಾರರು ಚದುರಂಗದ ಬಾದಶಹನಿಗಾಗಿ ಒಬ್ಬರನ್ನೊಬ್ಬರು ಇರಿದುಕೊಂಡು ಸಾಯುತ್ತಾರೆ. ದೊಡ್ಡವರು ಕೂತು ಆಡಿದರೆ ಏನಾದರೊಂದು ಹಾಳಾಗಲೇಬೇಕು ಎಂಬುದು ನಮ್ಮ ಕಥೆಗಾರರ ನಂಬಿಕೆ. ಅದು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅದೇ ಊರುಗಳಲ್ಲಿ, ಮಧ್ಯಾಹ್ನದ ಹೊತ್ತು, ಮನೆಯ ಹಿರಿಯರು ತೊಗರಿ ಹೊಲಕ್ಕೋ ಫರ್ಸಿ ಗಣಿಗೋ ಹೋಗಿರುವಾಗ, ಏನನ್ನೂ ಪಣಕ್ಕಿಡದೆ ಆಡುವ ಮಕ್ಕಳಿದ್ದಾರೆ. ಅವರ ಆಟ ಪೊಲೀಸರಿಗೂ ಸಿಗುವುದಿಲ್ಲ, ವಿಮರ್ಶಕರಿಗೂ ಸಿಗುವುದಿಲ್ಲ. ಕಥೆಯನ್ನು ಓದಿದ ಹಾಗೆ ಈ ಆಟಗಳನ್ನೂ ಓದಬಹುದಲ್ಲವೇ?

ಮೊದಲು ಕಲ್ಲಿನ ಮಾತು. ಪದರು ಪದರಾಗಿ ಏಳುವ ಶಹಾಬಾದಿನ ಸುಣ್ಣಗಲ್ಲೇ ನಮ್ಮ ಕಡೆ ನೆಲ, ಕಟ್ಟೆ, ಮೆಟ್ಟಿಲು. ಎಷ್ಟೋ ಮನೆಗಳಲ್ಲಿ ಗೋಡೆ ಮತ್ತು ಸೂರು ಕೂಡ. ಇದೇ ಕಲ್ಲು ಪುಡಿಯಾಗಿ ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳಲ್ಲಿ ಸಿಮೆಂಟಾಗುತ್ತದೆ. ಮಕ್ಕಳಿಗೆ ಅದು ಹಾಸು. ಒಂದು ಇದ್ದಿಲ ಚೂರು ಸಿಕ್ಕರೆ ಸಾಕು, ಉದ್ದಕ್ಕೆ ಐದು, ಅಡ್ಡಕ್ಕೆ ಐದು ಮನೆಗಳ ಚೌಕಾಬಾರ ಸಿದ್ಧ. ನಾಲ್ಕು ಕಡೆ ನಡುಮನೆಗಳಿಗೂ ಒಳಗಿನ ಹಣ್ಣಿನ ಮನೆಗೂ ಕತ್ತರಿ ಗುರುತು. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಇದೇ ಫರ್ಸಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಳ್ಳುತ್ತಾರೆ. ಕಾಯಿಗಳು ಬಳೆಚೂರು, ಬೆಣಚುಕಲ್ಲು, ಕಡ್ಡಿ. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕಾ, ನಾಲ್ಕೂ ಕವುಚಿ ಬಿದ್ದರೆ ಬಾರಾ. ತೆಲಂಗಾಣಕ್ಕೆ ಅಂಟಿಕೊಂಡಿರುವ ಸೇಡಂ, ಚಿಂಚೋಳಿಯ ಕಡೆ ಇದಕ್ಕೇ ಅಷ್ಟಾ-ಚಮ್ಮಾ ಎನ್ನುವವರೂ ಇದ್ದಾರೆ. ಬಾರಾ ಎಂದರೆ ಹನ್ನೆರಡು, ಆದರೆ ನಾಲ್ಕು ಕವಡೆಯ ಆಟದಲ್ಲಿ ಅದರ ಬೆಲೆ ಎಂಟು. ಇದು ಹೇಗೆಂದು ಉರ್ದು ಶಾಲೆಯ ಮಗುವೂ ಕೇಳುವುದಿಲ್ಲ, ಕನ್ನಡ ಶಾಲೆಯ ಮಗುವೂ ಕೇಳುವುದಿಲ್ಲ. ಶಬ್ದಕ್ಕೆ ಅರ್ಥ ಕೊಡುವವರು ತಾವೇ ಎಂಬ ಧೈರ್ಯ ಅವರಿಗಿದೆ.

ಆಟ ಶುರುವಾಗುವ ಮೊದಲು ಒಂದು ಪಂಚಾಯ್ತಿ ನಡೆಯುತ್ತದೆ. ಆಟದ ತಿರುಳು ಇಲ್ಲೇ ಇದೆ ಎಂದು ನಮಗೆ ಅನಿಸುತ್ತದೆ. ಒಬ್ಬರ ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಬಹುದೇ? ಜೋಡಿ ಕಾಯಿಯನ್ನು ಒಂಟಿ ಕಾಯಿ ಹೊಡೆಯಬಹುದೇ? ಬೀಜವೊಂದು ಗೆರೆ ದಾಟಿ ಉರುಳಿದರೆ ಆ ಸಲದ ಆಟ ಉಂಟೋ ಇಲ್ಲವೋ? "ಹೊಡೀದ ಒಳಗ ಹೋಗಂಗಿಲ್ಲ" ಎಂದು ಒಬ್ಬಳು, "ನಕ್ಕೋ, ನಿನ್ನೆ ಹಿಂಗ ಆಡಿಲ್ಲ" ಎಂದು ಇನ್ನೊಬ್ಬ. ಓಣಿ ಬದಲಾದರೆ ಕಾನೂನು ಬದಲಾಗುತ್ತದೆ. ಶಹಾಬಾದಿನಿಂದ ರಜೆಗೆ ಚಿಂಚೋಳಿಗೆ ಹೋದ ಹುಡುಗಿ ಅಲ್ಲಿನ ಕಾನೂನಿಗೆ ತಲೆಬಾಗಬೇಕು, ಇಲ್ಲವೇ ವಾದ ಮಾಡಿ ತನ್ನೂರಿನದನ್ನು ಗೆಲ್ಲಿಸಬೇಕು. ಕೂಗಾಟ ಎಷ್ಟೇ ಆಗಲಿ, ಎಲ್ಲರೂ ಒಪ್ಪುವವರೆಗೆ ಬೀಜ ನೆಲಕ್ಕೆ ಬೀಳುವುದಿಲ್ಲ.

ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಜಾನ್ ಪಿಯಾಜೆ ಗೋಲಿಯಾಡುವ ಹುಡುಗರ ಬಳಿ ನೆಲದ ಮೇಲೆ ಕುಳಿತು, ಈ ನಿಯಮ ಯಾರು ಮಾಡಿದ್ದು, ಬದಲಿಸಬಹುದೇ ಎಂದು ಕೇಳುತ್ತ ಹೋದರು. ಅದರ ಫಲವಾಗಿ 1932ರಲ್ಲಿ ಮಕ್ಕಳ ನೈತಿಕ ತೀರ್ಮಾನದ ಕುರಿತ ಅವರ ಪುಸ್ತಕ ಬಂತು. ಚಿಕ್ಕವರು ನಿಯಮ ಅಪ್ಪನಿಂದ ಬಂದದ್ದು, ದೇವರಿಂದ ಬಂದದ್ದು, ಮುಟ್ಟಬಾರದು ಎನ್ನುತ್ತಿದ್ದರು. ಹತ್ತು ಹನ್ನೆರಡು ವರ್ಷದವರು ಎಲ್ಲರೂ ಒಪ್ಪಿದರೆ ಬದಲಿಸಬಹುದು ಎನ್ನುತ್ತಿದ್ದರು. ಈ ತಿಳಿವಳಿಕೆ ಹಿರಿಯರ ಪಾಠದಿಂದ ಬಾರದು, ಸರೀಕರೊಡನೆ ಆಡಿಯೇ ಬರಬೇಕು ಎಂಬುದು ಪಿಯಾಜೆಯ ತರ್ಕ. ನಮ್ಮ ಫರ್ಸಿಯ ಮೇಲೆ ಕುಳಿತವರಿಗೆ ಅವರ ಹೆಸರು ಗೊತ್ತಿಲ್ಲದಿದ್ದರೂ ಕೆಲಸ ಅದೇ ನಡೆದಿದೆ.

ಇಲ್ಲಿ ನಮ್ಮದೇ ನೆಲದ ಒಬ್ಬ ದೊಡ್ಡ ಕಾನೂನು ಪಂಡಿತ ನೆನಪಾಗುತ್ತಾನೆ. 'ಮಿತಾಕ್ಷರ' ಬರೆದ ವಿಜ್ಞಾನೇಶ್ವರನು ಶಹಾಬಾದಿನ ಹತ್ತಿರದ ಮರತೂರಿನವನೆಂದು ಹೇಳುತ್ತಾರೆ. ಆತ ಟೀಕೆ ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಜೂಜಿಗೆಂದೇ ಒಂದು ಪ್ರಕರಣವಿದೆ. ಅಲ್ಲಿ ಸಭಿಕ ಎಂಬ ಅಡ್ಡೆಯ ಯಜಮಾನನುಂಟು. ನೂರು ಮತ್ತು ಅದಕ್ಕಿಂತ ಹೆಚ್ಚು ಗೆದ್ದವನಿಂದ ಅವನು ನೂರಕ್ಕೆ 5, ಉಳಿದವರಿಂದ ನೂರಕ್ಕೆ 10 ಪಡೆಯಬೇಕು, ಅದರಲ್ಲಿ ರಾಜನಿಗೆ ಪಾಲು ಕೊಡಬೇಕು. ದೊಡ್ಡವರ ಆಟಕ್ಕೆ ಅಂದೂ ಒಬ್ಬ ದಲ್ಲಾಳಿ, ಮೇಲೊಬ್ಬ ಅರಸ ಬೇಕಿತ್ತು. ಮಕ್ಕಳ ಹಾಸಿನ ಪಕ್ಕದಲ್ಲಿ ಸಭಿಕನಿಲ್ಲ. ಅಲ್ಲಿ ಯಾರಿಗೂ ಪಾಲು ಹೋಗುವುದಿಲ್ಲ.

ಆ ಕಾನೂನಿನಲ್ಲಿ ನಾವು ತುಂಬ ಮೆಚ್ಚುವ ಕಲಮೊಂದಿದೆ. ಓಡಲು, ಎಣಿಸಲು ಬಾರದ ತಮ್ಮನನ್ನೋ ತಂಗಿಯನ್ನೋ ಬಿಟ್ಟು ಆಡಿದರೆ ಅಳುತ್ತದೆ, ಸೇರಿಸಿಕೊಂಡರೆ ಆಟ ಕೆಡುತ್ತದೆ. ಆಗ ಮಕ್ಕಳು ಅದನ್ನು 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಮಾಡುತ್ತಾರೆ. ಅದಕ್ಕೂ ಸರದಿ ಬರುತ್ತದೆ, ಅದೂ ಬೀಜ ಚೆಲ್ಲುತ್ತದೆ, ಅದರ ಕಾಯಿಯನ್ನು ಯಾರೂ ಹೊಡೆಯುವುದಿಲ್ಲ. ದೊಡ್ಡವರು ಈ ಮಾತನ್ನು ಹೀಯಾಳಿಸಲು ಬಳಸುತ್ತಾರೆ. ಮಕ್ಕಳ ಬಾಯಲ್ಲಿ ಅದು ದುರ್ಬಲರಿಗೆ ಕೊಟ್ಟ ರಕ್ಷಣೆ.

ಹಾಗೆಂದು ಮಕ್ಕಳ ಲೋಕವನ್ನು ಸ್ವರ್ಗ ಮಾಡುವುದು ಬೇಡ. ಗಟ್ಟಿ ದನಿಯವನು ಕಾನೂನನ್ನು ತನ್ನ ಕಡೆ ತಿರುಗಿಸುತ್ತಾನೆ. ಯಾರ ಮನೆಯ ಕಟ್ಟೆಯೋ ಅವರದೇ ಒಂದು ಮಾತು ಹೆಚ್ಚು ನಡೆಯುತ್ತದೆ. ಯಾವ ಓಣಿಯ ಮಗು ಯಾರ ಕಟ್ಟೆ ಹತ್ತಬಹುದು ಎಂಬುದನ್ನು ಹಿರಿಯರು ಮೊದಲೇ ಕಲಿಸಿಬಿಟ್ಟಿರುತ್ತಾರೆ. ಆದರೂ ಗುಡಿಯ ಕಟ್ಟೆ, ದರ್ಗಾದ ಅಂಗಳ, ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನ ಮೆಟ್ಟಿಲುಗಳಲ್ಲಿ, ಕಣ್ಣಿಡುವ ಹಿರಿಯರಿಲ್ಲದಾಗ, ಆ ಪಾಠ ಒಂದಿಷ್ಟು ಸಡಿಲವಾಗುತ್ತದೆ. ಹುಡುಗಿಯರಿಗಂತೂ ಈ ಆಟ ಬೇರೆಯೇ ಕಾರಣಕ್ಕೆ ಬೇಕು. ಕ್ರಿಕೆಟ್ ಬಯಲು ಅವರದಲ್ಲ. ಕಂಕುಳಲ್ಲಿ ತಮ್ಮನನ್ನು ಹೊತ್ತ ಹತ್ತು ವರ್ಷದವಳು ಓಡುವಂತಿಲ್ಲ. ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಒಲೆಯ ಮೇಲಿನ ಬೇಳೆಗೆ ಒಂದು ಕಣ್ಣಿಟ್ಟು, ಇನ್ನೊಂದು ಕೈಯಲ್ಲಿ ಬಾರಾ ಹಾಕುವುದು ಸಾಧ್ಯ. ಕೂತು ಆಡುವ ಆಟಗಳು ಉಳಿದುಬಂದಿರುವುದಕ್ಕೆ ಈ ದುಡಿಯುವ ಹುಡುಗಿಯರ ಋಣ ದೊಡ್ಡದು.

ಎಲ್ಲ ಆಟಗಳ ನೀತಿಯೂ ಒಂದೇ ಅಲ್ಲ. ಹುಲಿ-ಕುರಿ ಆಟದಲ್ಲಿ 3 ಹುಲಿ, 15 ಕುರಿ. ಹುಲಿ ಹಾರಿ ಕೊಲ್ಲಬಲ್ಲದು, ಕುರಿಗೆ ಹಲ್ಲಿಲ್ಲ. ಆದರೆ ಕುರಿಗಳು ಒತ್ತೊತ್ತಾಗಿ ನಿಂತರೆ ಹುಲಿ ಅಲುಗಾಡದೆ ಸಿಕ್ಕಿಬೀಳುತ್ತದೆ. ಸಂಘಟನೆಯ ಬಗ್ಗೆ ಭಾಷಣಗಳನ್ನು ಬಹಳ ಕೇಳಿದ್ದೇವೆ. ಈ ಗೆರೆಗಳಷ್ಟು ಸ್ಪಷ್ಟವಾಗಿ ಹೇಳಿದ್ದು ಕಡಿಮೆ. ಇದಕ್ಕೆ ತದ್ವಿರುದ್ಧ ಇಸ್ಪೀಟಿನ 'ಗುಲಾಮ್ ಚೋರ್'. ಒಂದು ಗುಲಾಮನನ್ನು ತೆಗೆದಿಟ್ಟು ಉಳಿದ ಎಲೆಗಳನ್ನು ಜೋಡಿ ಮಾಡುತ್ತ ಹೋದರೆ ಕೊನೆಗೆ ಒಂಟಿ ಗುಲಾಮ ಯಾರ ಕೈಯಲ್ಲಿ ಉಳಿಯುತ್ತಾನೋ ಅವರು ಕಳ್ಳರು. ಬಾದಶಹ ಕದಿಯುವುದಿಲ್ಲ, ಬೇಗಂ ಕದಿಯುವುದಿಲ್ಲ, ಗುಲಾಮನೇ ಕಳ್ಳ. ಚೀಟಿ ಮಡಚಿ ಎಸೆಯುವ 'ರಾಜಾ ಮಂತ್ರಿ ಚೋರ್ ಸಿಪಾಯಿ'ಯೂ ಇದೇ ಜಾತಿಯದು. ರಾಜನಿಗೆ ಏನೂ ಮಾಡದೆ 1000, ಕಳ್ಳನಿಗೆ ಸೊನ್ನೆ. ದೊಡ್ಡವರ ಸಮಾಜದ ಅಚ್ಚು ಇವುಗಳ ಮೇಲೆ ದಪ್ಪವಾಗಿ ಬಿದ್ದಿದೆ. ಮಕ್ಕಳು ಇದನ್ನು ತಿದ್ದಿಲ್ಲವಾದರೂ ಚೀಟಿಗಳನ್ನು ಪ್ರತಿ ಸಲ ಕಲೆಸುತ್ತಾರೆ. ಈಗಿನ ಕಳ್ಳ ಮುಂದಿನ ಸುತ್ತಿನಲ್ಲಿ ರಾಜ. ನಮ್ಮ ಸಮಾಜದಲ್ಲಿ ಆ ಕಲೆಸುವಿಕೆಯೊಂದು ನಡೆಯುವುದಿಲ್ಲ.

ದೊಡ್ಡವರು ನೀತಿ ಕಲಿಸಲೆಂದೇ ಮಾಡಿಕೊಟ್ಟ ಆಟಗಳ ಗತಿ ನೋಡಿದರೆ ನಗು ಬರುತ್ತದೆ. ಹಾವು-ಏಣಿ ಮೊದಲು ಪರಮಪದ ಸೋಪಾನ ಪಟವಾಗಿತ್ತು, ತೆಲುಗಿನಲ್ಲಿ ವೈಕುಂಠಪಾಳಿ. ಏಣಿಯ ಬುಡದಲ್ಲಿ ದಯೆ, ಭಕ್ತಿ. ಹಾವಿನ ತಲೆಯಲ್ಲಿ ಕೋಪ, ಲೋಭ. ಜೈನರಲ್ಲಿ ಇದರ ರೂಪವಿತ್ತು, ಸೂಫಿಗಳಲ್ಲೂ ಇತ್ತು. ಮಕ್ಕಳು ಉಪದೇಶವನ್ನು ಕಳಚಿಟ್ಟು ಹಾವನ್ನೂ ಏಣಿಯನ್ನೂ ಮಾತ್ರ ಉಳಿಸಿಕೊಂಡರು. ಅಮೆರಿಕದ ಎಲಿಜಬೆತ್ ಮ್ಯಾಗೀ 1904ರಲ್ಲಿ ಪೇಟೆಂಟ್ ಪಡೆದ 'ಭೂಮಾಲೀಕರ ಆಟ' ಜಮೀನ್ದಾರಿಕೆಯ ಅನ್ಯಾಯ ತೋರಿಸಲೆಂದು ಹುಟ್ಟಿದ್ದು. ಅದೇ 1935ರ ಹೊತ್ತಿಗೆ ಮೊನಾಪಲಿಯಾಗಿ, ನಮ್ಮಲ್ಲಿಗೆ ಮುಂಬಯಿ, ದಿಲ್ಲಿಗಳನ್ನು ಕೊಳ್ಳುವ 'ವ್ಯಾಪಾರ'ವಾಗಿ ಬಂತು. ಕಾರ್ಖಾನೆ ಕಾಲೊನಿಯ ಮಕ್ಕಳು ಅದರಲ್ಲಿ ಬಾಡಿಗೆ ವಸೂಲಿಯನ್ನು ಕಲಿತರು. ಒಂದು ಕಡೆ ನೀತಿ ಉದುರಿ ಆಟ ಉಳಿಯಿತು, ಇನ್ನೊಂದು ಕಡೆ ನೀತಿಯೇ ತಿರುವು ಮುರುವಾಯಿತು.

ನಮ್ಮ ಮನೆಗಳಲ್ಲಿ ಇನ್ನೊಂದು ತಡೆ ಇದೆ. ಪತ್ತೆ ಮುಟ್ಟಿದರೆ, ದಾಳ ಉರುಳಿಸಿದರೆ 'ಹರಾಮ್' ಎಂಬ ಒಂದೇ ಮಾತಿನಲ್ಲಿ ಆಟ ಮುಗಿಯುತ್ತದೆ. ಪವಿತ್ರ ಕುರ್‌ಆನ್ ಜೂಜನ್ನು ನಿಷೇಧಿಸಿದೆ. 'ನರ್ದ್' ಎಂಬ ದಾಳದಾಟದ ಬಗ್ಗೆ ಹದೀಸಿನಲ್ಲಿ ಕಠಿಣ ಮಾತುಗಳಿವೆ. ಪಣವಿಲ್ಲದ ಶತರಂಜಿನ ಬಗ್ಗೆ ಹನಫಿ ಮತ್ತು ಶಾಫಿ ವಿದ್ವಾಂಸರು ಒಂದೇ ಅಭಿಪ್ರಾಯ ಹೇಳಿಲ್ಲ. ಈ ಚರ್ಚೆ ಬಲ್ಲವರು ಮಾಡಲಿ. ನಮ್ಮ ತಕರಾರು ಬಾಗಿಲಲ್ಲಿ ನಿಂತು ಗದರುವ ರೀತಿಯ ಬಗ್ಗೆ. ಬುಖಾರಿಯಲ್ಲಿ ಬರುವ ಒಂದು ವರದಿಯಲ್ಲಿ ಹಜ್ರತ್ ಆಯಿಷಾ ಗೆಳತಿಯರ ಜೊತೆ ಗೊಂಬೆಯಾಟ ಆಡುತ್ತಿರುತ್ತಾರೆ. ಪ್ರವಾದಿಯವರು (ಸ) ಒಳಗೆ ಬಂದೊಡನೆ ಹುಡುಗಿಯರು ಅಡಗಿಕೊಳ್ಳುತ್ತಾರೆ. ಪ್ರವಾದಿಯವರು ಅವರನ್ನು ಕರೆದು ಮತ್ತೆ ಆಟಕ್ಕೆ ಕಳಿಸುತ್ತಾರೆ. ಹಿರಿಯರು ಬಂದರೆ ಮಕ್ಕಳು ಅವಿತುಕೊಳ್ಳುತ್ತಾರೆ ಎಂಬುದು ಅಲ್ಲಿ ಗಮನಕ್ಕೆ ಬಂದಿದೆ, ಅದಕ್ಕೆ ಉತ್ತರವೂ ಸಿಕ್ಕಿದೆ. ಇಮಾಮ್ ಗಝಾಲಿಯವರೂ ಪಾಠದ ನಂತರ ಮಗುವಿಗೆ ಆಟ ಬೇಕು, ತಡೆದರೆ ಅದರ ಮನಸ್ಸು ಸಾಯುತ್ತದೆ ಎಂದು 'ಇಹ್ಯಾ'ದಲ್ಲಿ ಎಚ್ಚರಿಸಿದ್ದಾರೆ.

ಈಚೆಗೆ ಗದರುವವರಿಗಿಂತ ದೊಡ್ಡ ತೊಡಕು ಮೌನವಾಗಿ ಬಂದಿದೆ. ಪಚ್ಚೀಸಿಯನ್ನು ಇಂಗ್ಲೆಂಡಿನವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲೂಡೋ ಮಾಡಿದರು. ಅದು 2016ರಲ್ಲಿ 'ಲೂಡೋ ಕಿಂಗ್' ಆಗಿ ಫೋನಿಗೆ ಬಂತು. 2020ರ ಲಾಕ್‌ಡೌನಿನಲ್ಲಿ ಮನೆಮನೆ ಸೇರಿತು. ಒಂದೇ ಫೋನಿನ ಸುತ್ತ ನಾಲ್ವರು ಕುಳಿತು ನಗುತ್ತಾರೆ, ಅದನ್ನು ಅಲ್ಲಗಳೆಯಲಾಗದು. ಆದರೆ ಪಂಚಾಯ್ತಿಯಿಲ್ಲ. ಬೀಜ ಗೆರೆ ದಾಟುವುದಿಲ್ಲ, ಕಾಯಿಯನ್ನು ಮೆಲ್ಲಗೆ ಒಂದು ಮನೆ ಮುಂದೆ ಸರಿಸುವ ತುಂಟತನ ನಡೆಯುವುದಿಲ್ಲ, ಚಿಕ್ಕ ತಂಗಿಯನ್ನು ಲೆಕ್ಕಕ್ಕಿಲ್ಲದೆ ಆಟಕ್ಕೆ ಸೇರಿಸಿಕೊಳ್ಳಲು ಅದರಲ್ಲಿ ಜಾಗವಿಲ್ಲ. ನಿಯಮ ಮತ್ತೆ ಮೇಲಿನಿಂದ ಬಂದಿದೆ, ಮುಟ್ಟುವಂತಿಲ್ಲ. ಪಿಯಾಜೆಯ ಹತ್ತು ವರ್ಷದ ಹುಡುಗ ಮತ್ತೆ ಐದು ವರ್ಷದವನಾಗಿ ಕೂತಿದ್ದಾನೆ.

ನೆಲವೂ ಬದಲಾಗಿದೆ. ಶಹಾಬಾದಿನಲ್ಲೇ ಹೊಸ ಮನೆಗಳಿಗೆ ಹೊರಗಿನಿಂದ ಬಂದ ನುಣುಪು ಟೈಲ್ಸ್ ಬೀಳುತ್ತಿವೆ. ಇದ್ದಿಲು ಅದರ ಮೇಲೆ ಹತ್ತುವುದಿಲ್ಲ, ಹತ್ತಿದರೆ ಅಮ್ಮಿ ಸುಮ್ಮನಿರುವುದಿಲ್ಲ. ಇದಕ್ಕೆ ಪರಿಹಾರವೆಂದು ಕೆಲವು ಶಾಲೆಗಳ ವರಾಂಡದಲ್ಲಿ ಚೌಕಾಬಾರವನ್ನು ಎಣ್ಣೆಬಣ್ಣದಲ್ಲಿ ಬರೆಸಿದ್ದಾರೆ. ಮೇಷ್ಟ್ರುಗಳ ಉದ್ದೇಶ ಒಳ್ಳೆಯದೇ. ಆದರೆ ಆಟದ ನಡುವೆ ಇನ್ನಿಬ್ಬರು ಗೆಳೆಯರು ಬಂದು, ಐದು ಮನೆ ಸಾಲದು, ಏಳು ಮನೆಯದು ಬೇಕು ಎಂದಾಗ ಆ ಬಣ್ಣ ಅಳಿಸುವುದಿಲ್ಲ. ಮಕ್ಕಳು ಅಲ್ಲಿಂದೆದ್ದು ಪಕ್ಕದ ಖಾಲಿ ಫರ್ಸಿಯ ಮೇಲೆ ಇದ್ದಿಲಿನಿಂದ ಬೇರೆ ಗೆರೆ ಎಳೆಯುತ್ತಾರೆ.