ಬಿಂದು ಎಷ್ಟು, ಎಲ್ಲಿ? ವೆಕ್ಟರ್ ಚಿತ್ರದ ಹೊಸ ರಸಿಕರಿಗೊಂದು ಕೈಪಿಡಿ

ವೆಕ್ಟರ್ ಚಿತ್ರ ಕಂಡೊಡನೆ ನಮ್ಮ ಜನರ ಬಾಯಿಂದ ಬರುವ ಹೊಗಳಿಕೆ ಎರಡೇ. ಒಂದು, 'ಥೇಟ್ ಫೋಟೋ ಥರಾನೇ ಇದೆ'. ಇನ್ನೊಂದು, 'ಎಷ್ಟು ದೊಡ್ಡದು ಮಾಡಿದ್ರೂ ಒಡೆಯಲ್ಲ'. ಮೊದಲನೆಯದು ಚಿತ್ರಕಾರನಿಗೆ ಮಾಡುವ ಅವಮಾನ. ಫೋಟೋ ಬೇಕಿದ್ದರೆ ಕ್ಯಾಮೆರಾ ಇತ್ತು. ಎರಡನೆಯದು ಫ್ಲೆಕ್ಸ್ ಅಂಗಡಿಯ ಲೆಕ್ಕಾಚಾರ. ಒಡೆಯದಿರುವುದು ಫೈಲಿನ ಗುಣ, ಅದರಲ್ಲಿ ಚಿತ್ರಕಾರನ ಹೆಚ್ಚುಗಾರಿಕೆ ಏನೂ ಇಲ್ಲ. ಕೆಟ್ಟ ವೆಕ್ಟರ್ ಕೂಡ ಒಡೆಯುವುದಿಲ್ಲ, ದೊಡ್ಡದಾದಷ್ಟೂ ಕೆಟ್ಟದ್ದು ಇನ್ನಷ್ಟು ಚೆನ್ನಾಗಿ ಕಾಣುತ್ತದೆ, ಅಷ್ಟೇ. ಪಿಕ್ಸೆಲ್ ಎಂದರೇನು, ವೆಕ್ಟರ್ ಎಂದರೇನು ಎಂಬುದನ್ನು ಇಲ್ಲಿ ಹೇಳುತ್ತ ಕೂರುವುದಿಲ್ಲ. ಅದನ್ನು ಯಾವ ಡಿಟಿಪಿ ಹುಡುಗನಾದರೂ ಚಹಾ ಕುಡಿಯುವಷ್ಟರಲ್ಲಿ ಹೇಳಿಕೊಟ್ಟಾನು. ಹೇಳಬೇಕಾದ್ದು ಬೇರೆ ಇದೆ. ಈ ಕಲೆಯ ರಸವೆಲ್ಲ ಇರುವುದು ಬಿಂದುವಿನಲ್ಲಿ, ಕೋರೆಲ್ ಡ್ರಾ ಬಳಸುವವರು ನೋಡ್ ಎಂದು ಕರೆಯುವ ಆ ಪುಟ್ಟ ಚೌಕದಲ್ಲಿ. ಚಿತ್ರಕಾರ ಎಷ್ಟು ಬಿಂದು ಇಟ್ಟ, ಎಲ್ಲಿಟ್ಟ, ಇಡಬಹುದಾಗಿದ್ದರೂ ಎಲ್ಲಿ ಬಿಟ್ಟ? ಇಷ್ಟನ್ನು ನೋಡಲು ಕಲಿತವನು ರಸಿಕ. ಬಣ್ಣ, ನೆರಳು, ವಿಷಯ ಎಲ್ಲ ಆಮೇಲಿನ ಮಾತು.

ಕತಾರಿನ ಅಲ್ ಅಜೀಜಿಯಾದಲ್ಲಿ ಬಿಡಾರ ಹೂಡಿರುವ ಕನ್ನಡಿಗರು ಮೊದಲ ಪಾಠಕ್ಕೆ ಯಾವ ಗ್ಯಾಲರಿಗೂ ಹೋಗಬೇಕಿಲ್ಲ. ಕತಾರಿನ ಬಾವುಟವನ್ನೇ ನೋಡಿದರಾಯಿತು. ಅಗಲ 11 ಪಾಲಾದರೆ ಉದ್ದ 28 ಪಾಲು. ಕಂಬದ ಕಡೆ ಬಿಳಿ, ಉಳಿದದ್ದು ಮರೂನ್, ನಡುವಿನ ಅಂಚಿನಲ್ಲಿ ಒಂಬತ್ತು ಬಿಳಿ ಹಲ್ಲು. ಬಿಳಿ ಭಾಗವನ್ನು ಬಿಡಿಸಲು ಎಷ್ಟು ಬಿಂದು ಬೇಕು, ಎಣಿಸಿ: ಹಲ್ಲಿನ ತುದಿಗಳಿಗೆ ಒಂಬತ್ತು, ಹಲ್ಲುಗಳ ನಡುವಿನ ಸಂದಿಗೆ ಎಂಟು, ಅಂಚು ಶುರುವಾಗುವಲ್ಲಿ ಒಂದು, ಮುಗಿಯುವಲ್ಲಿ ಒಂದು, ಕಂಬದ ಕಡೆಯ ಮೂಲೆಗಳಿಗೆ ಎರಡು. ಒಟ್ಟು 21. ಮರೂನ್ ಭಾಗಕ್ಕೆ ಮತ್ತೆ ಹಲ್ಲು ಕೊರೆಯುವವನು ಇನ್ನೂ ಕಲಿಯಬೇಕಾದವನು. ಬಲ್ಲವನು ಇಡೀ ಆಯತವನ್ನು ಮರೂನಿನಲ್ಲಿ ಕೆಳಗೆ ಹಾಸಿ ಮೇಲೆ ಬಿಳಿಯನ್ನು ಇಡುತ್ತಾನೆ, ನಾಲ್ಕೇ ಬಿಂದುವಿನಲ್ಲಿ ಕೆಲಸ ಮುಗಿಯಿತು. ಈ ಇಪ್ಪತ್ತೈದರಲ್ಲಿ ಒಂದನ್ನು ತೆಗೆದರೆ ಬಾವುಟ ಕೆಡುತ್ತದೆ, ಒಂದನ್ನು ಸೇರಿಸಿದರೆ ಅದು ದಂಡ. ನಮ್ಮ ಅರಿಶಿನ-ಕುಂಕುಮದ ಬಾವುಟಕ್ಕಂತೂ ಎರಡು ಆಯತ, ಎಂಟು ಬಿಂದು ಸಾಕು. ಆದರೆ ನವೆಂಬರ್ ಬಂತೆಂದರೆ ರಾಜ್ಯೋತ್ಸವದ ಪೋಸ್ಟರುಗಳಲ್ಲಿ ಅದಕ್ಕೆ ಏನೇನು ಗತಿಯಾಗುತ್ತದೆ ನೋಡಿ: ಗಾಳಿಗೆ ಹಾರುವ ಸುಕ್ಕು, ಸುಕ್ಕಿಗೆ ನೆರಳು, ನೆರಳಿಗೆ ಹೊಳಪು, ಅಕ್ಷರಗಳಿಗೆ ಚಿನ್ನದ ಲೇಪ, ಹಿಂದೆ ಕಿಡಿ. ಬೆಂಗಳೂರಾದರೂ ಅಷ್ಟೇ, ದೋಹಾ ಆದರೂ ಅಷ್ಟೇ. ಎಂಟು ಬಿಂದುವಿನ ಗಟ್ಟಿ ಚಿತ್ರವನ್ನು ಹೀಗೆ ಮದುವೆ ಮಂಟಪ ಮಾಡುವುದನ್ನು ನಮ್ಮಲ್ಲಿ 'ಗ್ರ್ಯಾಂಡ್' ಎನ್ನುತ್ತಾರೆ.

ನೇರ ಗೆರೆಯಲ್ಲಿ ಈ ಲೆಕ್ಕ ಮಕ್ಕಳಾಟ. ನಿಜವಾದ ಪರೀಕ್ಷೆ ಇರುವುದು ಬಾಗಿನಲ್ಲಿ. ಚುಕ್ಕಿಗಳನ್ನು ಮುಟ್ಟದೆ ಅವನ್ನು ಬಳಸಿಕೊಂಡು ಗೆರೆ ಎಳೆಯುವ ರಂಗೋಲಿ ಗೊತ್ತಿದ್ದವರಿಗೆ ಇದು ಬೇಗ ಹತ್ತುತ್ತದೆ: ಅಲ್ಲಿ ಚುಕ್ಕಿ ಗೆರೆಯೊಳಗೆ ಸೇರದಿದ್ದರೂ ಗೆರೆಯ ದಾರಿಯನ್ನು ತೀರ್ಮಾನಿಸುವುದು ಅದೇ. ಬೆಜಿಯೆ ವಕ್ರರೇಖೆಯ ಒಂದು ತುಂಡಿಗೆ ನಾಲ್ಕು ಬಿಂದು. ಎರಡು ತುದಿಗಳನ್ನು ಗೆರೆ ಹಾಯುತ್ತದೆ. ಉಳಿದೆರಡು ಹ್ಯಾಂಡಲಿನ ತುದಿಗಳು, ಅವುಗಳ ಕಡೆಗೆ ಗೆರೆ ವಾಲುತ್ತದೆಯೇ ಹೊರತು ಅಲ್ಲಿಗೆ ಹೋಗಿ ಮುಟ್ಟುವುದಿಲ್ಲ. ಇದು ಕಲಾವಿದರ ಮನೆಯಲ್ಲಿ ಹುಟ್ಟಿದ್ದಲ್ಲ, ಫ್ರಾನ್ಸಿನ ಕಾರು ಕಂಪನಿಗಳಲ್ಲಿ ಹುಟ್ಟಿದ್ದು. 1959ರಲ್ಲೇ ಸಿಟ್ರೊಯೆನ್ನಿನ ಪಾಲ್ ದ ಕಾಸ್ಟೆಲ್ಜೊ ಈ ಗಣಿತ ಕಂಡುಕೊಂಡಿದ್ದ, ಕಂಪನಿ ಅದನ್ನು ಗುಟ್ಟಾಗಿಟ್ಟಿತು. 1960ರ ದಶಕದಲ್ಲಿ ರೆನೊದ ಪಿಯೆರ್ ಬೆಜಿಯೆ ಬರೆದು ಪ್ರಕಟಿಸಿದ, ಹೆಸರು ಅವನದಾಯಿತು. ಅವರ ಗರಜು ಸರಳ: ಒಬ್ಬನ ಕಣ್ಣು ಒಪ್ಪಿದ ಬಾನೆಟ್ಟಿನ ಬಾಗನ್ನು, ಅವನ ಮುಖವನ್ನೇ ಕಾಣದ ಯಂತ್ರವೊಂದು ಕೂದಲೆಳೆಯಷ್ಟೂ ತಪ್ಪದೆ ಕೊರೆಯಬೇಕು. 1984ರಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯೂ 1987ರಲ್ಲಿ ಇಲಸ್ಟ್ರೇಟರಿನ ಪೆನ್ ಟೂಲೂ ಇದೇ ಗೆರೆಯನ್ನು ಮೇಜಿನ ಮೇಲಕ್ಕೆ ತಂದವು. ಅಂದರೆ ವೆಕ್ಟರ್ ಗೆರೆ ಮೊದಲಿನಿಂದಲೂ ಇನ್ನೊಬ್ಬರಿಗೆ ಕೊಡುವ ಸೂಚನೆ. ಸೂಚನೆಯ ಚೆಲುವು ಚುಟುಕಿನಲ್ಲಿ, ಗೊಂದಲಕ್ಕೆ ಎಡೆಯಿಲ್ಲದಿರುವುದರಲ್ಲಿ. ನನ್ನ ವಾದದ ಬೇರು ಇಲ್ಲಿದೆ.

ಕನ್ನಡದ 'ಠ' ಅಕ್ಷರವನ್ನು ಹತ್ತಿರದಿಂದ ನೋಡೋಣ. ತಲೆಕಟ್ಟನ್ನು ಬದಿಗಿಟ್ಟರೆ ಹೊರಗೊಂದು ವೃತ್ತ, ದಪ್ಪಕ್ಕಾಗಿ ಒಳಗೊಂದು ವೃತ್ತ, ನಡುವೆ ಚುಕ್ಕಿ. ಒಂದೊಂದಕ್ಕೆ ನಾಲ್ಕರಂತೆ ಹನ್ನೆರಡು ಬಿಂದು ಸಾಕು, ಆದರೆ ಅವು ಇರಬೇಕಾದ್ದು ನೆತ್ತಿ, ತಳ, ಎಡ, ಬಲ, ಈ ನಾಲ್ಕು ಕೊನೆಗಳಲ್ಲಿ. ಹ್ಯಾಂಡಲುಗಳು ಅಡ್ಡಕ್ಕೆ ಇಲ್ಲವೇ ಉದ್ದಕ್ಕೆ ನೆಟ್ಟಗೆ ನಿಲ್ಲಬೇಕು. ಪ್ರತಿ ಹ್ಯಾಂಡಲಿನ ಉದ್ದ ತ್ರಿಜ್ಯದ 0.5523 ಪಾಲು. ಇಷ್ಟು ಮಾಡಿದರೂ ಅದು ನಿಜವಾದ ವೃತ್ತವಲ್ಲ, ಬೆಜಿಯೆ ಗೆರೆಗೆ ಶುದ್ಧ ವೃತ್ತ ಬರೆಯಲು ಬರುವುದೇ ಇಲ್ಲ. ಆದರೆ ತಪ್ಪು ತ್ರಿಜ್ಯದ ಶೇ 0.027ರಷ್ಟು, ಒಂದು ಮೀಟರ್ ತ್ರಿಜ್ಯದ ಬೋರ್ಡಿನಲ್ಲಿ ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು. ನಾಲ್ಕು ಬಿಂದು ಇಷ್ಟು ಚೆನ್ನಾಗಿ ಸುಳ್ಳು ಹೇಳುತ್ತವೆ ಎಂಬುದೇ ಒಂದು ಸೋಜಿಗ. ಅದೇ ವೃತ್ತಕ್ಕೆ ಅಂದಾಜಿನಲ್ಲಿ ಹದಿಮೂರು ಬಿಂದು ಚುಚ್ಚಿದವನ 'ಠ' ನೋಡಿ, ಎಲ್ಲೋ ಉಬ್ಬು, ಎಲ್ಲೋ ತಗ್ಗು. ಬಿಂದು ಹೆಚ್ಚಾದರೆ ನಿಖರತೆ ಹೆಚ್ಚುತ್ತದೆ ಎಂದು ಹೊಸಬರು ನಂಬುತ್ತಾರೆ. ಹೆಚ್ಚುವುದು ತಪ್ಪಿಗೆ ಸಿಗುವ ಅವಕಾಶ. ಇನ್ನೂ ಒಂದು ಸೂಕ್ಷ್ಮವಿದೆ. ಪಕ್ಕದಲ್ಲಿ ಚಪ್ಪಟೆ ನೆತ್ತಿಯ ಅಕ್ಷರವಿದ್ದರೆ ದುಂಡಕ್ಷರವನ್ನು ಅಳತೆಗಿಂತ ತುಸು ದೊಡ್ಡದು ಮಾಡಬೇಕು, ಇಲ್ಲವಾದರೆ ಕಣ್ಣಿಗೆ ಚಿಕ್ಕದಾಗಿ ಕಾಣುತ್ತದೆ. ಅಳತೆಪಟ್ಟಿಗೆ ತಪ್ಪು, ಕಣ್ಣಿಗೆ ಸರಿ. ಇದನ್ನು ಬಲ್ಲವನ ಕೈಯ ಅಕ್ಷರ ಯಾರೂ ಹೇಳದೆಯೇ ಗೊತ್ತಾಗುತ್ತದೆ.

ಅಲ್ ಅಜೀಜಿಯಾದ ಅಂಗಡಿ ಬೋರ್ಡುಗಳಲ್ಲಿ ಇದೇ ಪರೀಕ್ಷೆಯನ್ನು ಅರಬಿಯ 'ನೂನ್' ಅಕ್ಷರದ ಮೇಲೆ ಮಾಡಬಹುದು. ಅದೂ ಒಂದು ಬಾಗು, ಒಂದು ಚುಕ್ಕಿ. ಅರಬಿ ಬಾರದಿದ್ದರೆ ಇನ್ನೂ ಒಳ್ಳೆಯದು, ಅರ್ಥ ಅಡ್ಡ ಬರುವುದಿಲ್ಲ. ಬಟ್ಟಲಿನ ತಳ ಒಂದೇ ಉಸಿರಿನಲ್ಲಿ ತಿರುಗಿದೆಯೇ, ನಡುವೆ ಎಡವಿದೆಯೇ ನೋಡಿ. ಜಾಗ ತುಂಬಲೆಂದು ಅಕ್ಷರವನ್ನು ಮೌಸ್ ಹಿಡಿದು ಅಡ್ಡಕ್ಕೆ ಎಳೆದಿದ್ದರೆ ತಕ್ಷಣ ಸಿಕ್ಕಿಬೀಳುತ್ತದೆ: ನಿಂತ ಗೆರೆಗಳು ಊದಿಕೊಳ್ಳುತ್ತವೆ, ಮಲಗಿದ ಗೆರೆಗಳು ಇದ್ದಷ್ಟೇ ಇರುತ್ತವೆ. ಅರಬಿ ಬರಹದಲ್ಲಿ ಉದ್ದ ಮಾಡಲು ಕಶೀದಾ ಎಂಬ ಮರ್ಯಾದಸ್ಥ ದಾರಿಯೇ ಇದೆ. ಅಕ್ಷರವನ್ನು ಹಾಗೇ ಬಿಟ್ಟು ಅಕ್ಷರಗಳ ನಡುವಿನ ಕೊಂಡಿಯನ್ನು ಎಳೆಯುವುದು. 2022ರ ಫುಟ್‌ಬಾಲ್ ವಿಶ್ವಕಪ್ಪಿನ ಲಾಂಛನದ ಅಕ್ಷರಗಳು ಈ ಪದ್ಧತಿಯಿಂದಲೇ ಹೊರಟವು. ಅದೇ ವರ್ಷ ಏಪ್ರಿಲ್ 1ರಂದು ದೋಹಾದಲ್ಲಿ ಪರಿಚಯಿಸಿದ ಮ್ಯಾಸ್ಕಾಟ್ ಲಯೀಬನನ್ನು ಕಂಡು 'ದೆವ್ವದ ಹಾಗಿದೆ' ಎಂದು ನಕ್ಕವರು ಬಹಳ. ನಗುವವರು ಅದರ ಅಂಚನ್ನು ನೋಡಿರಲಿಕ್ಕಿಲ್ಲ. ಹಾರುವ ತಲೆವಸ್ತ್ರಕ್ಕೇ ಕಣ್ಣು, ಹುಬ್ಬು, ಬಾಯಿ ಇಟ್ಟು, ಬಟ್ಟೆಯ ಹಗುರವನ್ನೆಲ್ಲ ಅಂಚಿನ ಕೆಲವೇ ಬಾಗುಗಳಿಗೆ ವಹಿಸಿದ ಚಿತ್ರ ಅದು.

ನಮ್ಮ ಕಡೆಯ ಅತಿ ಪ್ರಸಿದ್ಧ ವೆಕ್ಟರ್ ಚಿತ್ರಕ್ಕೆ ಬರೋಣ. 2015ರಲ್ಲಿ ಕಾಸರಗೋಡಿನ ಕುಂಬಳೆಯ ಕರಣ್ ಆಚಾರ್ಯ ಬಿಡಿಸಿದ ಹನುಮಂತನ ಮುಖ, ಕೇಸರಿ-ಕಪ್ಪು, ಗಂಟಿಕ್ಕಿದ ಹುಬ್ಬು. ಕೆಲವೇ ವರ್ಷದಲ್ಲಿ ಅದು ಬೆಂಗಳೂರಿನ ಕಾರು, ಬೈಕು, ಆಟೊಗಳ ಮೇಲೆಲ್ಲ ಹರಡಿತು. ಕೋಪದ ಹನುಮ ಸರಿಯೇ ತಪ್ಪೇ ಎಂಬ ಜಗಳದಲ್ಲಿ ಗೆರೆಯ ಮಾತು ಹಿಂದೆ ಸರಿಯಿತು. ಹರಡಿದ್ದಕ್ಕೆ ಭಕ್ತಿ, ರಾಜಕೀಯ ಎರಡೂ ಕಾರಣವಿರಬಹುದು, ಒಪ್ಪೋಣ. ಆದರೆ ಭಕ್ತಿ ಇರುವ ಚಿತ್ರ ನಮ್ಮಲ್ಲಿ ಸಾವಿರ ಇವೆ, ಅವೇಕೆ ಹಿಂಬದಿ ಗಾಜು ಏರಲಿಲ್ಲ? ರೇಡಿಯಂ ಕಟಿಂಗ್ ಅಂಗಡಿಯಲ್ಲಿ ಉತ್ತರವಿದೆ. ಅಲ್ಲಿನ ಪ್ಲಾಟರಿನ ಪುಟ್ಟ ಬ್ಲೇಡಿಗೆ ಬಣ್ಣದ ಇಳಿತ ಗೊತ್ತಿಲ್ಲ, ನೆರಳಿನ ಮಬ್ಬು ಗೊತ್ತಿಲ್ಲ. ಗೆರೆ ಹೋದಲ್ಲಿ ಕೊಯ್ಯುವುದಷ್ಟೇ ಗೊತ್ತು. ಈ ಚಿತ್ರದಲ್ಲಿ ಕಪ್ಪು ಒಂದೇ ಸಲಕ್ಕೆ ಗೆರೆಯೂ ಹೌದು, ನೆರಳೂ ಹೌದು. ಕಾರಿನ ಗಾಜು ಹೇಗೂ ಕಪ್ಪು. ಕೇಸರಿ ತುಂಡುಗಳನ್ನಷ್ಟೇ ಕೊಯ್ದು ಅಂಟಿಸಿದರೆ ಉಳಿದ ಅರ್ಧ ಮುಖವನ್ನು ಗಾಜೇ ಬರೆಯುತ್ತದೆ, ಸಂದಿಗಳನ್ನು ನೋಡುವವನ ಕಣ್ಣು ತುಂಬುತ್ತದೆ. ಇಷ್ಟು ಕಡಿಮೆ ಹೇಳಿ ಇಷ್ಟು ಹೇಳಿಸುವುದೇ ವೆಕ್ಟರಿನ ಕಸುಬು. ವಾಟ್ಸ್ಯಾಪಿನಲ್ಲಿ ಬಂದ ಮಸುಕು ಚಿತ್ರವನ್ನು ಒಂದು ಕ್ಲಿಕ್ಕಿನಲ್ಲಿ ಟ್ರೇಸ್ ಮಾಡಿ ಕೊಯ್ದ ನಕಲುಗಳನ್ನೂ ಪಕ್ಕದಲ್ಲಿಟ್ಟು ನೋಡಿ. ಹುಬ್ಬಿನ ಚೂಪು ಮೊಂಡಾಗಿ, ಅಂಚು ತರಚಿಕೊಂಡು, ಕೋಪವೆಲ್ಲ ತೂಕಡಿಕೆಯಾಗಿರುತ್ತದೆ.

ಇಲ್ಲಿ ಒಬ್ಬರು ಎದ್ದು ಕೇಳುತ್ತಾರೆ: ಬಿಂದು ನೋಡುಗರಿಗೆ ಕಾಣುವುದೇ ಇಲ್ಲ, ಮುಗಿದ ಚಿತ್ರ ಚೆನ್ನಾಗಿದ್ದರೆ ಸಾಲದೇ? ಬಿಂದು ಕಾಣುವುದಿಲ್ಲ ನಿಜ, ಬಿಂದುವಿನ ಫಲ ಕಾಣುತ್ತದೆ. ಯಂತ್ರದ ಟ್ರೇಸ್ ನಮ್ಮಲ್ಲಿ ಬಹಳ ಕಾಲದಿಂದ ಇದೆ. ಪೀಟರ್ ಸೆಲಿಂಗರ್ ಬರೆದ ಪೊಟ್ರೇಸ್ 2001ರದು, ಇಂಕ್‌ಸ್ಕೇಪ್ ಇಂದಿಗೂ ಅದನ್ನು ಬಳಸುತ್ತದೆ. ಸ್ವಚ್ಛವಾದ ಕಪ್ಪು-ಬಿಳುಪು ಮೂಲ ಕೊಟ್ಟರೆ ಅದು ಒಳ್ಳೆಯ ಆಳು. ಆದರೆ ಯಾವುದು ಹುಬ್ಬು, ಯಾವುದು ಕಾಗದದ ಕಲೆ ಎಂಬುದು ಅದಕ್ಕೆ ತಿಳಿಯದು. ಎರಡಕ್ಕೂ ಸಮಾನ ಶ್ರದ್ಧೆಯಿಂದ ಬಿಂದು ಇಡುತ್ತದೆ. ಗಂಡಭೇರುಂಡದ ಗರಿಗಳನ್ನು ಹೀಗೆ ಟ್ರೇಸ್ ಮಾಡಿಸಿದ ಲೆಟರ್‌ಹೆಡ್‌ಗಳಲ್ಲಿ ಗರಿ ಯಾವುದು, ಗಲೀಜು ಯಾವುದು ಎಂದು ಹುಡುಕಬೇಕಾಗುತ್ತದೆ. ಮುಂದೆ ಯಾರೋ ಕತ್ತು ತುಸು ಓರೆ ಮಾಡಬೇಕೆಂದರೆ ಆ ನೂರಾರು ಬಿಂದುಗಳಲ್ಲಿ ಯಾವುದನ್ನು ಹಿಡಿದೆಳೆದರೂ ಬರೀ ಸೊಟ್ಟ. ಸರಿಯಾದ ಐದು ಬಿಂದುವಿದ್ದರೆ ಒಂದನ್ನು ಜರುಗಿಸಿದೊಡನೆ ಇಡೀ ಕತ್ತು ಓಗೊಡುತ್ತದೆ.

ಎರಡನೆಯ ಆಕ್ಷೇಪ ತೂಕದ್ದು: ಕುಂಚದಲ್ಲಿ ಕೈಯ ನಡುಕ, ಒತ್ತು, ಉಸಿರು ಎಲ್ಲ ಇಳಿಯುತ್ತದೆ, ಇದರಲ್ಲಿ ಏನಿದೆ, ತಣ್ಣನೆಯ ಲೆಕ್ಕ. ಕೈಯ ನಡುಕ ಇಲ್ಲಿಲ್ಲ, ಸರಿಯೇ. ಅದನ್ನು ಹುಸಿಯಾಗಿ ತೋರಿಸಲು ಒರಟು ಅಂಚಿನ ಬ್ರಷ್ ಅಂಟಿಸುವವರ ಬಗ್ಗೆ ನನಗೂ ಮರುಕವಿದೆ. ಆದರೆ ಕುಂಚದ ಗೆರೆ ಎಳೆದ ಗಳಿಗೆಯನ್ನು ಹಿಡಿದಿಟ್ಟರೆ, ವೆಕ್ಟರ್ ಗೆರೆ ತೀರ್ಮಾನವನ್ನು ಹಿಡಿದಿಡುತ್ತದೆ. ಹ್ಯಾಂಡಲನ್ನು ಎಷ್ಟು ಸಲ ಬೇಕಾದರೂ ತಿದ್ದಬಹುದಾದ್ದರಿಂದಲೇ, ಕೊನೆಗೆ ಉಳಿದ ಗೆರೆಗೆ 'ಕೈ ಜಾರಿತು' ಎಂಬ ನೆಪವಿಲ್ಲ. ಇದ್ದದ್ದೆಲ್ಲ ಬೇಕೆಂದೇ ಇದ್ದದ್ದು. ಮೂರನೆಯವರು ಗ್ರೇಡಿಯೆಂಟ್ ಮೆಶ್‌ನಲ್ಲಿ ಬಿಡಿಸಿದ ದ್ರಾಕ್ಷಿ ಗೊಂಚಲು, ನೀರಹನಿ ತೋರಿಸಿ 'ಇದೂ ವೆಕ್ಟರೇ ಅಲ್ಲವೇ' ಎನ್ನುತ್ತಾರೆ. ಹೌದು, ದುಡಿಮೆಗೆ ನಮಸ್ಕಾರ. ಆದರೆ ಸಾವಿರಾರು ಬಿಂದು ಸುರಿದು ಕ್ಯಾಮೆರಾದ ಹಿಂದೆ ಓಡುವುದು ವೆಕ್ಟರ್ ತನ್ನ ಬಲ ಬಿಟ್ಟು ಇನ್ನೊಬ್ಬರ ಬಲಕ್ಕೆ ಆಸೆಪಟ್ಟಂತೆ. ಈಗ ಬಾಯಿಮಾತಿನಲ್ಲಿ ಹೇಳಿದರೆ ಚಿತ್ರ ಬರೆದುಕೊಡುವ ಎಐ ಬಂದಿದೆ, ಇನ್ನೇಕೆ ಇದೆಲ್ಲ ಎನ್ನುವವರಿಗೂ ಉತ್ತರ ಅದೇ: ಬಂದ ಚಿತ್ರದಲ್ಲಿ ಯಾವ ಗೆರೆ ದಂಡ ಎಂದು ಹೇಳಲು ಕಣ್ಣು ಬೇಕು, ಆ ಕಣ್ಣು ಚಂದಾಕ್ಕೆ ಸಿಗುವುದಿಲ್ಲ.

ಉಳಿದದ್ದನ್ನು ಬೇಗ ಹೇಳಿ ಮುಗಿಸಬಹುದು. ಬಣ್ಣ ಮೂರು ದಾಟಿದರೆ ಕಾರಣ ಕೇಳಿ. ಗೆರೆಯ ದಪ್ಪ ಎಲ್ಲ ಕಡೆ ಒಂದೇ ಇದ್ದರೆ ಅದು ಬೇಕೆಂದು ಮಾಡಿದ್ದೋ ಸೋಮಾರಿತನವೋ ನೋಡಿ. ರೆಡಿಮೇಡ್ ವೆಕ್ಟರ್ ತಾಣಗಳ ಮುಖವಿಲ್ಲದ, ಉದ್ದ ಕೈಕಾಲಿನ ನೇರಳೆ ಮನುಷ್ಯರನ್ನು ಮೆಚ್ಚಿಕೊಳ್ಳುವ ಮೊದಲು ಒಂದು ರಾತ್ರಿ ಮಲಗಿ ಎದ್ದು ಯೋಚಿಸಿ. ಸಾಫ್ಟ್‌ವೇರ್ ಯಾವುದಾದರೂ ಆದೀತು, ಇಂಕ್‌ಸ್ಕೇಪಿಗೆ ಕಾಸಿಲ್ಲ. ಮುಖ್ಯವಾದ ಅಭ್ಯಾಸ ಒಂದೇ: ಫೈಲ್ ಕೈಗೆ ಸಿಕ್ಕಿದಾಗ ಬಣ್ಣ ಕಳಚಿ ನೋಡುವುದು. ಇಲಸ್ಟ್ರೇಟರಿನಲ್ಲಿ ಕಂಟ್ರೋಲ್-ವೈ ಒತ್ತಿ, ಕೋರೆಲ್ಲಿನಲ್ಲಿ ವೈರ್‌ಫ್ರೇಮ್ ಆರಿಸಿ. ಅಲಂಕಾರವೆಲ್ಲ ಬಿದ್ದುಹೋಗಿ ಬರೀ ಗೆರೆಯ ಎಲುಬು ಉಳಿಯುತ್ತದೆ. ಫೈಲ್ ಸಿಗದಿದ್ದರೆ ಪೆನ್ಸಿಲ್ ಹಿಡಿದು, ನೀವಾಗಿದ್ದರೆ ಬಿಂದು ಎಲ್ಲಿಡುತ್ತಿದ್ದಿರಿ ಎಂದು ಗುರುತು ಹಾಕಿ. ಅಲ್ ಅಜೀಜಿಯಾದ ಒಂದು ಬೀದಿಯ ಬೋರ್ಡುಗಳನ್ನು ಹೀಗೆ ಓದಿ ಮುಗಿಸಿದವನಿಗೆ, ಮುಂದಿನ ರಾಜ್ಯೋತ್ಸವದ ಪೋಸ್ಟರ್ ಸಮಿತಿಯಲ್ಲಿ 'ಇನ್ನೂ ಏನಾದ್ರೂ ಸೇರಿಸಿ' ಎಂಬ ಮಾತು ಬಂದಾಗ, ಏನೇನು ತೆಗೆಯಬಹುದು ಎಂದು ಪಟ್ಟಿ ಕೊಡುವ ಯೋಗ್ಯತೆ ಬಂದಿರುತ್ತದೆ. ಸಮಿತಿಯವರು ಕೇಳುವುದಿಲ್ಲ. ಆದರೂ ಪಟ್ಟಿ ಕೊಡಿ.